ಮೈಮೇಲಿನ ಹೊಲಿಗೆ

ತಂಗಿಗೆ ಆಗ ಏಳು, ನನಗೆ ಹನ್ನೊಂದು.
ಬಟ್ಟಂಬಾಂಗಿನ ಸಂಗ್ಕೇ ಹೊಳೆಯ ದಂಡೆಯುದ್ದ
ಅಪ್ಪನ ಸೈಕಲ್ಲು ನಾನು ತುಳಿಯುತ್ತಿದ್ದೆ.
ಹಿಂದೆ ಕ್ಯಾರಿಯರಿನಲ್ಲಿ ರಮ್ದೂಲ್,
ಕಾಲು ಚಕ್ರಕ್ಕೆ ಸಿಕ್ಕದ ಹಾಗೆ
ಮಂಡಿ ಎರಡೂ ಕಡೆಗೆ ಅಗಲಿಸಿ.
(ಮುಂದೆ ಅದೇ ಅವಳ ಅನ್ನವಾಯಿತು. ಆ ಮಾತು ಆಮೇಲೆ.)

ವಿಹಾರದ ಹಿಂದಿನ ಹಜಾರ, ತಣ್ಣನೆಯ ನೆಲ,
ಕೆಂಪು ಕಚ್ಚೆಯ ಇಪ್ಪತ್ತು ಹುಡುಗಿಯರು
ಬೆರಳು ಹಿಡಿದು ಹಿಂದಕ್ಕೆ ಒತ್ತುತ್ತ
ಒಬ್ಬರನ್ನೊಬ್ಬರು ನೋಡಿ ನಗುತ್ತ, ಅಳುತ್ತ.
ಒಂದು ವರ್ಷ ನಾನೂ ಒತ್ತಿದೆ. ಬಾಗಲಿಲ್ಲ.
'ಇದು ಸೂಜಿ ಹಿಡಿಯೋ ಕೈ, ಕೆಟ್ಟದ್ದೇನಲ್ಲ ಬಿಡು'
ಅಂದರು ಕಲಿಸುವಾಕೆ.
ಆ ರಾತ್ರಿ ಬೆರಳುಗಳ ಮೇಲೆ ಕೂತು
ನಿದ್ದೆ ಬರುವವರೆಗೆ ಕಾದೆ.

ತಂಗಿಯ ಬೆರಳೋ ಬಾಳೆಯ ಸುಳಿ ಬಿಚ್ಚಿದ ಹಾಗೆ.
ಉಣ್ಣಲು ಕೂತರೂ, ಜ್ವರ ಬಂದು ಮಲಗಿದರೂ
ಎಡಗೈ ಬಲಗೈಯನ್ನು ಬಾಗಿಸುತ್ತಲೇ ಇತ್ತು,
ಬೇರೆ ಯಾರದೋ ಕೈಗೆ
ಬುದ್ಧಿ ಹೇಳುವ ಹಾಗೆ.
'ಆ ಕೈಯಲ್ಲಿ ಒಂದು ಮೀನಾದರೂ ಹೆಚ್ಚು' ಅಂತ ಅಮ್ಮ.

ಹತ್ತು ತುಂಬಿದಾಗ ನಾಮ್‌ಪೆನ್ನಿಗೆ ಪರೀಕ್ಷೆ.
ಬಸ್ಸಿನುದ್ದಕ್ಕೂ ಅವಳು ರಾಜಕುಮಾರಿ:
ಬಗ್ಗಿಸಿದ ಕಣ್ಣು, ಕಿವಿಯ ಹಿಂದೆ
ದಾರಿಯಲ್ಲಿ ಕೊಂಡ ಬಾಡಿದ ಮಲ್ಲಿಗೆ.
ಕೋಣೆಯಲ್ಲಿ ಮಿಯಾಸ್ ಸವಾಂಗ್, ಎಪ್ಪತ್ತರ ಗುರು.
ಭುಜವನ್ನು ಗೇಣಿನಲ್ಲಿ ಅಳೆದರು,
ಗಲ್ಲ ಎತ್ತಿದರು, ಬೆನ್ನು ತಿರುಗಿಸಿದರು,
ಎಮ್ಮೆ ಕೊಳ್ಳುವವರ ಹಾಗೆ.
ಆಮೇಲೆ ಒಂದೇ ಮಾತು: 'ಯೆಯಾಕ್.'

ರಕ್ಕಸ.
ಅಗಲ ಭುಜದ ಹುಡುಗಿಯರಿಗೆ ಕಟ್ಟಿಟ್ಟ ಪಾತ್ರ.
ಮಲ್ಲಿಗೆಯನ್ನು ಕಿಟಕಿಯಾಚೆ ಎಸೆದಳು,
ಪರೀಕ್ಷೆ ಪಾಸಾದವಳು.

ಗೋಡೆಗೆ ಬೆನ್ನು, ಮಂಡಿ ಹೊರಕ್ಕೆ,
ತೊಡೆ ನೆಲಕ್ಕೆ ಸಮ. ನೂರರವರೆಗೆ ಎಣಿಕೆ.
ಎಂಬತ್ತಕ್ಕೆ ನಡುಕ. ತೊಂಬತ್ತೇಳಕ್ಕೆ
ಗುರು ಲೆಕ್ಕ ತಪ್ಪಿದಂತೆ ನಟಿಸಿ
ಮತ್ತೆ ಅರವತ್ತರಿಂದ.
ಭಾನುವಾರ ಯಾರದೋ ಮೊಬೈಲಿನಲ್ಲಿ ಹೇಳುವಳು:
'ಅಕ್ಕಾ, ಮೆಟ್ಟಿಲು ಇಳಿಯೋಕೆ ಆಗ್ತಿಲ್ಲ.
ಹಿಮ್ಮುಖ ಇಳೀತೀನಿ, ಏಡಿ ಥರ.'
ವಾಪಸು ಬಾ ಅಂತ ನಾನು ಹೇಳಬಹುದಿತ್ತು.
ಹೇಳಲಿಲ್ಲ. ಅದು ಪ್ರೀತಿಯೋ ಹೊಟ್ಟೆಕಿಚ್ಚೋ
ಇಂದಿಗೂ ಬಿಡಿಸಿಕೊಂಡಿಲ್ಲ.

ಒಂದು ಸಂಜೆ ಗುರು ತಮ್ಮ ಕೈ ತೋರಿಸಿದರಂತೆ.
ಕೊಲ್ಲುವ ಆ ವರ್ಷಗಳಲ್ಲಿ,
'ಬಜಾರಿನಲ್ಲಿ ಶಾವಿಗೆ ಮಾರುತ್ತಿದ್ದೆ' ಅಂದಿದ್ದರು ಬದುಕಲು.
ನಾಲಗೆ ಸುಳ್ಳು ಹೇಳಿತು, ಬೆರಳಿಗೆ ಬರಲಿಲ್ಲ:
ನಾಟಿ ಮಾಡುವಾಗಲೂ ತಾವಾಗಿ ಹಿಂದಕ್ಕೆ ಬಾಗುತ್ತಿದ್ದವು.
ಅದಕ್ಕೇ ಇಡೀ ದಿನ ಕೆಸರಿನಿಂದ ಕೈ ತೆಗೆಯುತ್ತಿರಲಿಲ್ಲ.
'ನಾನೂ ರಕ್ಕಸನೇ' ಅಂದರಂತೆ ಕೊನೆಗೆ,
'ಬೀಳುವುದಕ್ಕೆ ಮುಂಚೆ ನಿಲ್ಲಲು ಬರಬೇಕು.'
ಅಂದಿನಿಂದ ತಂಗಿ ಮಲ್ಲಿಗೆಯ ಮಾತೆತ್ತಲಿಲ್ಲ.

ಹದಿನೇಳರಲ್ಲಿ ಮೊದಲ ರಂಗ.
ಈ ಉಡುಗೆಗೆ ಗುಂಡಿಯಿಲ್ಲ, ಕೊಂಡಿಯಿಲ್ಲ.
ಕುಣಿಯುವವಳನ್ನು ಒಳಗಿಟ್ಟೇ ಹೊಲಿಯಬೇಕು.
ಸೂಜಿ ಹಿಡಿದು ಕೂತೆ. ಎರಡು ತಾಸು.
ಬೆನ್ನು, ಪಕ್ಕೆ, ತೋಳು; ಪ್ರತಿ ಕುತ್ತಿಗೂ
ಅವಳು ಉಸಿರು ಬಿಗಿಹಿಡಿಯುವಳು, ನಾನೂ.
ಒಮ್ಮೆ ಚುಚ್ಚಿತು. 'ಹುಂ' ಅಂದಳು, ಅಷ್ಟೇ.

ಹಸಿರು ಮುಖವಾಡದ ಐವರು ರಕ್ಕಸರು ಸಾಲಾಗಿ ಬಂದರು.
'ಯಾವುದೇ ನಮ್ಮದು?' ಅಮ್ಮನ ಪಿಸುಮಾತು,
ಸೆರಗಿನಲ್ಲಿನ್ನೂ ಮೀನಿನ ವಾಸನೆ.
ಮಂಡಿ ನೋಡಿ ತೋರಿಸಿದೆ:
ಚಕ್ರಕ್ಕೆ ಸಿಕ್ಕದ ಹಾಗೆ ಕೂತವಳು, ಅಗೋ.

ಕತೆಯಲ್ಲಿ ಅವಳು ಸೋತಳು, ಸೋಲಲೇಬೇಕು.
ಪರದೆಯ ಹಿಂದೆ ಹಲ್ಲಿನಿಂದ ದಾರ ಕಡಿದೆ.
ಬೆನ್ನುದ್ದಕ್ಕೂ ಹೊಲಿಗೆಯ ಗುರುತು,
ನನ್ನದೇ ಅಕ್ಷರದ ಹಾಗೆ.
'ಹಸಿವು' ಅಂದಳು. ಐಸ್ ಹಾಕಿದ ಕಬ್ಬಿನ ಹಾಲು ತರಲು
ಬೀದಿಗೆ ಓಡಿದೆ. ಗಾಡಿಯವನ ಮುಂದೆ
ಚಿಲ್ಲರೆಗೆ ಚಾಚಿದ ನನ್ನ ಕೈ ನೋಡಿಕೊಂಡೆ:
ಕಿರುಬೆರಳೊಂದು, ಒಂದೇ ಒಂದು,
ಸ್ವಲ್ಪ ಹಿಂದಕ್ಕೆ.