ಹನ್ನೊಂದು ನಿಮಿಷ

ಬಾಗಿಲು ತೆಗೆಯುವವನು ನಾನು. ಮಾರುವವನಲ್ಲ, ಕೊಳ್ಳುವವನೂ ಅಲ್ಲ.
ಸೊಂಟದಲ್ಲಿ ಅರವತ್ತೆರಡು ಬೀಗದ ಕೈ,
ಒಂದೂ ನನ್ನ ಮನೆಯದಲ್ಲ.
ನನ್ನದು ನೆಲಮಾಳಿಗೆ, ಬಾಯ್ಲರಿನ ಪಕ್ಕ, ಕೆಲಸ ಇರುವ ತನಕ.

ದಲ್ಲಾಳಿ ಕರ್ಟಿಸ್ ಬಂದ, ಭಾನುವಾರ, ಹೊಳೆಯುವ ಬೂಟಿನಲ್ಲಿ.
ಅವನು ತೆಗೆದ ಫೋಟೋದಲ್ಲಿ ಕೋಣೆ
ಕುದುರೆ ಓಡಿಸುವಷ್ಟು ಅಗಲ.
ಒಳಗೆ ಬಂದರೆ
ಒಬ್ಬರು ಉಸಿರು ಬಿಟ್ಟ ಮೇಲೆ ಇನ್ನೊಬ್ಬರು ಎಳೆದುಕೊಳ್ಳಬೇಕು.
ಗೋಡೆಯಿಂದ ಮಡಚಿ ಇಳಿಯುವ ಮಂಚ:
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು
ಇಲ್ಲಿ ಬುದ್ಧಿಮಾತಲ್ಲ, ಅಳತೆ.
ಇನ್ನೊಂದು ಗೇಣು ಚಾಚಿದರೆ ಒಲೆ.

ಈ ಕಟ್ಟಡದಲ್ಲಿ ಮನೆ ಕೊಳ್ಳುವುದಿಲ್ಲ ಯಾರೂ,
ಷೇರು ಕೊಳ್ಳುತ್ತಾರೆ.
ನೂರ ಎಪ್ಪತ್ತು ಷೇರಿಗೆ ಒಂದು ಕಿಟಕಿ, ಒಂದು ಸ್ನಾನದ ತೊಟ್ಟಿ,
ಲಿಫ್ಟಿನಲ್ಲಿ ಪಾಲು, ತಾರಸಿಯ ಸೋರಿಕೆಯಲ್ಲಿ ಪಾಲು,
ನನ್ನ ಸಂಬಳದಲ್ಲೂ. ಲೆಕ್ಕ ಹಾಕಿದ್ದೇನೆ:
ಈ ಕೋಣೆಯಿಂದ ನನಗೆ ತಿಂಗಳಿಗೆ ಒಂದು ಜೊತೆ ಅಗ್ಗದ ಬೂಟು.

ನಲವತ್ತೊಂದು ವರ್ಷ ಇದ್ದವರು ಒಟಿಲಿ ಬೌಮ್,
ಕೋರ್ಟಿನಲ್ಲಿ ಬೇರೆಯವರ ಜಗಳವನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡವರು.
ಇಸ್ಪೀಟು ಗೆಳತಿಯ ಜೊತೆ ಅರಿಜೋನಾಕ್ಕೆ ಹೊರಟೇ ಹೋದರು.
ಕಾರ್ಡು ಬಂದಿತ್ತು: 'ಬುಯಾರ್, ಇಲ್ಲಿ ಬಿಸಿಲು ವಿಪರೀತ.
ದಿನವಿಡೀ ಪರದೆ ಎಳೆದುಕೊಂಡು ಆಡುತ್ತೇವೆ.'

ಕಿಟಕಿ ಇದೆ. ಆಚೆ, ಒಂಬತ್ತು ಅಡಿಗೆ, ಪಕ್ಕದ ಕಟ್ಟಡದ ಇಟ್ಟಿಗೆ.
ಕರ್ಟಿಸನ ಬಾಯಲ್ಲಿ ಅದು 'ಪ್ರಶಾಂತ ನೋಟ'.
ಟೇಪು ಹಿಡಿದು ಬಂದ ಗಂಡಹೆಂಡತಿ ಅಳೆದರು, ಮಾತಾಡಲಿಲ್ಲ.
ನಾಯಿ ತಂದವಳಿಗೆ ನಾಯಿಯೇ ಬೇಡವೆಂದಿತು.

ಒಂದೂ ಇಪ್ಪತ್ತೈದಕ್ಕೆ, ಇನ್ನೇನು ಬೀಗ ಹಾಕಬೇಕು, ಬಂದರು
ಯೊಕಾಸ್ತಾ ಅಲ್ಮಾನ್ಸಾರ್, ಆಸ್ಪತ್ರೆಯ ನೀಲಿ ಸಮವಸ್ತ್ರದಲ್ಲೇ.
ನಲ್ಲಿ ತಿರುಗಿಸಲಿಲ್ಲ, ಕಪಾಟು ತೆಗೆಯಲಿಲ್ಲ.
ಕರ್ಟಿಸನನ್ನು ಬಿಟ್ಟು ನನ್ನನ್ನು ಕೇಳಿದರು,
'ಬೆಳಕು ಎಷ್ಟು ಹೊತ್ತಿಗೆ ಬರುತ್ತದೆ?'
'ಧಾರಾಳ...' ಎಂದು ಅವನು ಶುರು ಮಾಡಿದ.
ನಾನೆಂದೆ: ಜೂನಿನಲ್ಲಿ ಕೆಲವು ದಿನ. ಹನ್ನೊಂದು ನಿಮಿಷ.
ಒಲೆಯ ಹಿಡಿಕೆಗೆ ತಾಗಿ, ಸಿಂಕಿನ ಅಂಚಿಗೆ ಬಂದು, ವಾಪಸು.
ಆಮೇಲೆ ಮುಂದಿನ ಜೂನ್.

ಕರ್ಟಿಸ್ ನನ್ನನ್ನು ನೋಡಿದ ರೀತಿ ನಿಮಗೆ ಬೇಡ.

ಅವರು ಮಂಚ ಇಳಿಸಿ
ಬೂಟಿನ ಕಾಲು ಹೊರಗೆ ಚಾಚಿ ಮಲಗಿದರು,
ಮಟಮಟ ಮಧ್ಯಾಹ್ನ, ಕಣ್ಣು ಮುಚ್ಚಿ.
'ಹದಿಮೂರು ವರ್ಷ ರಾತ್ರಿ ಪಾಳಿ.
ಅಕ್ಕನ ಮನೆಯ ಸೋಫಾ, ಕಿಟಕಿಗೆ ಕಸದ ಕಪ್ಪು ಚೀಲ.
ಇಲ್ಲಿ ಅಂಟಿಸುವುದೇ ಬೇಡ.'

ಇನ್ನು ಸಮಿತಿ. ಏಳು ಜನ, ಬಟ್ಟೆ ಒಗೆಯುವ ಕೋಣೆಯ ಪಕ್ಕ ಸಭೆ.
ಮೂರು ವರ್ಷದ ತೆರಿಗೆ ಕಾಗದ, ಆರು ಮಂದಿಯ ಪತ್ರ,
ನೆಂಟರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ.
ಬೇಡ ಎನ್ನಬಹುದು; ಯಾಕೆಂದು ಹೇಳಬೇಕಾಗಿಲ್ಲ.
ಪಿಯಾನೋ ಮೇಷ್ಟರಿಗೆ ಯಾಕೆ ಬೇಡವೆಂದರೋ
ಆ ಗೋಡೆಗಳಿಗೂ ಗೊತ್ತಿಲ್ಲ.
ಯಾರ ತೊಟ್ಟಿಯಲ್ಲಿ ಯಾರ ಕೂದಲು ಕಟ್ಟಿಕೊಂಡಿತ್ತೆಂದು ನನಗೆ ಗೊತ್ತು,
ನನ್ನನ್ನು ಕೇಳುವುದಿಲ್ಲ.

ಐದು ಪತ್ರ ಸಿಕ್ಕಿದ್ದವಂತೆ. ಆರನೆಯದು?
ನನ್ನ ಪರಿಚಯ ನಾಲ್ಕು ನಿಮಿಷದ್ದು. ನನ್ನ ಇಂಗ್ಲಿಷು
'ಮಂಗಳವಾರ ಬಿಸಿನೀರಿಲ್ಲ' ಎಂದು ಚೀಟಿ ಅಂಟಿಸುವಷ್ಟು.
ಅಷ್ಟರಲ್ಲೇ ಬರೆದೆ:
ಮಾನ್ಯರೇ, ಇವರು ಹಗಲು ನಿದ್ದೆ ಮಾಡುತ್ತಾರೆ.
ನೀವು ಮಲಗಿದಾಗ ಯಾರನ್ನೋ ಎಬ್ಬಿಸದೆ ಮಗ್ಗುಲು ಬದಲಿಸುತ್ತಿರುತ್ತಾರೆ.
ಸದ್ದಿಲ್ಲ. ಬುಯಾರ್, ನೆಲಮಾಳಿಗೆ.

ಉತ್ತರ ಇನ್ನೂ ಬಂದಿಲ್ಲ.
ಇವತ್ತು ಸಿಂಕಿನ ವಾಷರ್ ಬದಲಿಸುತ್ತಿದ್ದೆ,
ಹಿಡಿಕೆ ಹೊಳೆಯಿತು. ಗಡಿಯಾರ ನೋಡಿದೆ.
ಕೈ ಒರೆಸಿಕೊಂಡು ಹೋಗಿ
ಪರದೆ ಎಳೆದು ನೋಡಿದೆ,
ಪೂರ್ತಿ ಮುಚ್ಚುತ್ತದೋ ಇಲ್ಲವೋ ಎಂದು.