ಡಿಯೋಲಿಂಡಾಳ ಅಳತೆ

ಉಸಿರು ಬಿಡು, ಡಿಯೋಲಿಂಡಾ. ಹೊಟ್ಟೆ ಎಳೆದುಕೊಳ್ಳಬೇಡ,
ಟೇಪಿಗೆ ದಾಕ್ಷಿಣ್ಯ ತಿಳಿಯದು.
ಎದೆ ತೊಂಬತ್ತೇಳು. ಬೆನ್ನಿನಗಲ ಮೂವತ್ತೆಂಟು.
ಕತ್ತಿನ ಬುಡದಿಂದ ನಡುವಿಗೆ...
ನಗಿಸಬೇಡ, ಬಾಯಲ್ಲಿ ಗುಂಡುಸೂಜಿಗಳಿವೆ ನನಗೆ.

ಅರ್ಧ ಮೈ ಬರೆದರೆ ಸಾಕು, ಕಾಗದ ಮಡಚಿ ಕತ್ತರಿಸು,
ಇನ್ನರ್ಧ ತಾನೇ ಬರುತ್ತದೆ ಅಂತ ಕಲಿಸಿದ್ದರು
ಕೊವಿಲ್ಯಾದ ಉಣ್ಣೆ ಗಿರಣಿಯಲ್ಲಿ.
ಮಡಚಿದೆ. ಕೋರಾ ಬಟ್ಟೆಗೆ ಕಚ್ಚಾ ಹೊಲಿಗೆ ಹಾಕಿ ತೊಡಿಸಿದೆ.
ಎಡಭುಜದಲ್ಲಿ ಜೋಲು,
ಕಂಕುಳಿಗೆ ಓರೆಯಾಗಿ ಒಂದು ಸುಕ್ಕು.

ಇಪ್ಪತ್ತೊಂಬತ್ತು ವರ್ಷ ಅಂಚೆಚೀಲ ಅದೇ ಹೆಗಲಿಗೆ.
ಈ ಊರಿನ ಮೆಟ್ಟಿಲು, ಕರೆಂಟು ಬಿಲ್ಲು,
ಫ್ರಾನ್ಸಿನಿಂದ ಬಂದ ಕಾಗದ,
ಯಾರೂ ಬಾಗಿಲು ತೆರೆಯದ ರಿಜಿಸ್ಟರ್ಡು,
ಎಲ್ಲ ಸೇರಿ ಒಂದೂವರೆ ಸೆಂಟಿಮೀಟರು.

ಅಂಗಡಿಯ ಅಂಗಿಗಳು ಅದನ್ನು ನಿನ್ನ ತಪ್ಪೆಂದಿದ್ದವು.
ನಾನೂ ಅಂದೆ, ಭುಜಕ್ಕೆ ಹತ್ತಿ ತುಂಬಿ ಸಮ ಮಾಡಲೇ?
"ಬೇಡ. ಇಳಿದದ್ದನ್ನು ಇಳಿದಂತೆಯೇ ಬರೆ."

ಮಡಚಿದ್ದನ್ನು ಬಿಸಾಕಿ ಮೇಜಿನ ತುಂಬ ಹೊಸ ಕಾಗದ ಹಾಸಿದೆ.
ನಡುವೆ ಗೆರೆ. ಅತ್ತಲದು ಬೇರೆ, ಇತ್ತಲದು ಬೇರೆ.
'ಎಡ' ಎಂದು ದೊಡ್ಡದಾಗಿ ಬರೆದಿಡಬೇಕು,
ಇಲ್ಲದಿದ್ದರೆ ಮುಂದಿನ ಅಂಗಿ ಕತ್ತರಿಸುವಾಗ ಮರೆತು
ಚೀಲವನ್ನು ಬಲಕ್ಕೂ ಹೊರಿಸಿಬಿಟ್ಟೇನು.