ದಿಗ್‌ದಾಗದ ಬಸಳೆ

ಮೊದಲ ದಿನ ನರ್ಸರಿಯ ಗೇಟಿನೆದುರು
ನಿಂತೇ ಇದ್ದೆ.
ಒಳಗಿಂದ ಖಮೀಸ್ ಕೂಗಿದ,
ಅರ್ಧ ಅರಬಿ ಅರ್ಧ ಹಿಂದಿಯಲ್ಲಿ:
ತಳ್ಳು, ಅದಕ್ಕೆ ಬೀಗವಿಲ್ಲ.
ಹತ್ತೊಂಬತ್ತು ತಿಂಗಳು
ಬೇರೆಯವರು ತೆಗೆದ ಬಾಗಿಲಲ್ಲೇ ನಡೆದವನು,
ತಳ್ಳುವುದು ಮರೆತೇ ಹೋಗಿತ್ತು.

ಊರು ಯಾವುದು ಅನ್ನುವ ಹಾಗೆ ಇಲ್ಲಿ
ಎಷ್ಟು ವರ್ಷ ಅನ್ನುತ್ತಾರೆ.
ಖಮೀಸನಿಗೆ ನಾಲ್ಕು, ಮಾತ್ರೆಗಳ ದೆಸೆಯಿಂದ.
ಸುಡಾನಿನ ಇದ್ರೀಸನಿಗೆ ಎರಡು, ಯಾಕೆಂದು ಹೇಳುವುದಿಲ್ಲ;
ಟೊಮೆಟೊ ಗಿಡವನ್ನು ಕೋಲಿಗೆ ಕಟ್ಟುವಾಗ
ದಾರವನ್ನು ಅವನು ಬಿಡುವ ಸಡಿಲ ನೋಡಿದ ಮೇಲೆ
ನನಗೂ ಕೇಳಬೇಕೆನಿಸಲಿಲ್ಲ.
ನನ್ನದು ಚೆಕ್ಕು. ಮೂರು ಹಾಳೆ.
ಸಹಿ ಮುತ್ತಿನ ಹಾಗಿತ್ತು,
ಖಾತೆ ಬರಿದಿತ್ತು.

ಬಾವಿಯ ನೀರು ನಾಲಗೆಗೆ ಉಪ್ಪು.
ಹರಿವೆ ಬಿತ್ತಿದೆ, ಎರಡೆಲೆ ಬಿಟ್ಟು ಸುಟ್ಟುಹೋಯಿತು.
ಮತ್ತೆ ಬಿತ್ತಿದೆ, ಪಿಕಳಾರಗಳು ಹೆಕ್ಕಿ ತಿಂದವು.
ಅವುಗಳ ಮೇಲೆ ಕೇಸು ಹಾಕು, ಎಂದ ಖಮೀಸ್,
ನಕ್ಕು ನಕ್ಕು ಕೆಮ್ಮಿದ.

ಕಿನ್ನಿಗೋಳಿಯ ಅಪೊಲಿನ್ ಬಾಯಿ
ತನ್ನ ಬಾಲ್ಕನಿಯ ಬಕೆಟಿನಿಂದ ಕೊಯ್ದು
ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟರು
ನಾಲ್ಕು ತುಂಡು ಬಸಳೆ ಬಳ್ಳಿ.
ಖರ್ಜೂರದ ಬುಡದ ನೆರಳಿಗೆ ಊರಿದೆ.
ಬೆಳಿಗ್ಗೆ ಎಣಿಸಿದೆ: ನಾಲ್ಕು.
ಮಧ್ಯಾಹ್ನ: ನಾಲ್ಕು.
ಮಲಗುವ ಮುಂಚೆ ಟಾರ್ಚು ಬಿಟ್ಟು: ನಾಲ್ಕು.
ಅಲ್ಲಿ ನಮ್ಮನ್ನು ಎಣಿಸುತ್ತಿದ್ದ ಅದೇ ಮೂರು ಹೊತ್ತು.
ನವೆಂಬರಿನ ಒಂದು ಬೆಳಿಗ್ಗೆ
ಲೆಕ್ಕ ತಪ್ಪಿತು.
ಯಾವುದು ಎಲ್ಲಿಂದ ಹೊರಟು
ಯಾವುದರ ಹೆಗಲು ಹಿಡಿದಿದೆಯೋ,
ಚಪ್ಪರವೆಲ್ಲ ಒಂದೇ ಬಳ್ಳಿ.

ಮೊದಲ ಹನ್ನೆರಡು ಕಟ್ಟು ಹೊತ್ತು
ನಖೀಲಿನ ಸೂಪರ್ ಮಾರ್ಕೆಟ್ಟಿಗೆ ಹೋದೆ.
ಬೇರೆ ಅಂಗಡಿಗಳಿದ್ದವು, ಗೊತ್ತು.
ಮೂರರಲ್ಲಿ ಒಂದು ಹಾಳೆ ಇದ್ದಿನಬ್ಬನ ಹೆಸರಿಗಿತ್ತು.
ಅವನು ಮುಖ ನೋಡಲಿಲ್ಲ.
ಒಂದು ದಂಟು ತೆಗೆದು ಬಗ್ಗಿಸಿದ;
ಪಟ್ ಎಂದಿತು.
ಸಿಗಡಿಗೆ ಆಗುತ್ತದೆ, ಎಂದ.
ದರ ಕೇಳಿದ, ಕಾಲು ದಿರ್ಹಮ್ ಚೌಕಾಶಿ ಮಾಡಿದ,
ಹಣ ಎಣಿಸಿಟ್ಟ.
ರಸೀದಿ ಪುಸ್ತಕ ಈಚೆ ತಳ್ಳಿದ:
ಇಲ್ಲೊಂದು ಸಹಿ.

ಪೆನ್ನು ಹಿಡಿದೆ.
ಸಾಲಿನಲ್ಲಿ ಹಿಂದಿದ್ದವಳ ಮಗು ಅಳುತ್ತಿತ್ತು.
ಉಗುರಿನ ಸಂದಿಯ ಗೊಬ್ಬರ
ಹಾಳೆಗೆ ಸ್ವಲ್ಪ ಹತ್ತಿತು.
ಬರೆದೆ. ಮುತ್ತಿನ ಹಾಗೆ ಬರಲಿಲ್ಲ.

ಮುಂದಿನ ಗುರುವಾರ ಇಪ್ಪತ್ತು ಕಟ್ಟು,
ಎಂದ, ಈಗಲೂ ತಲೆ ಎತ್ತದೆ.

ಗಾಜಿನ ಬಾಗಿಲು ತಾನಾಗಿ ತೆರೆದುಕೊಂಡಿತು.
ನನ್ನ ಕೈ ಆಗಲೇ
ತಳ್ಳಲು ಚಾಚಿತ್ತು.